ಯಾರ ಕೈಯಲ್ಲಿ ಏನಿಲ್ಲ: ಪ್ರೆಸ್‌ಬಿಟೇರಿಯನ್ ಸಭೆಯನ್ನು ನಡೆಸುವವರು



ಧರ್ಮದ ಮಾತು ಬಂದಾಗ ನಾವು ತತ್ತ್ವದ ಕಡೆಗೆ ಹೊರಳುತ್ತೇವೆ, ಇಲ್ಲವೆ ಮಹಾಪುರುಷರ ಕಡೆಗೆ. ಬೀಗದ ಕೈ ಯಾರ ಸೊಂಟದಲ್ಲಿದೆ, ಕಾಣಿಕೆ ಎಣಿಸುವವರು ಯಾರು, ನಡಾವಳಿ ಬರೆಯುವವರು ಯಾರು, ಬೋಧನೆ ಮಾಡುವವರಿಗೆ ಅನ್ನ ಹಾಕುವವರು ಯಾರು ಎಂದು ಕೇಳುವುದು ಕಡಿಮೆ. ಇವೆಲ್ಲ ಸಣ್ಣ ಪ್ರಶ್ನೆಗಳು ಎಂದು ನಮ್ಮ ಭಾವನೆ. ಸಂಸ್ಥೆಯೊಂದು ಬದುಕುವುದೂ ಕೆಡುವುದೂ ಈ ಪ್ರಶ್ನೆಗಳಿಗೆ ಅದು ಕೊಟ್ಟುಕೊಂಡ ಉತ್ತರಗಳಿಂದಲೇ ಎಂದು ನಂಬಿರುವವನು ನಾನು. ಆದ್ದರಿಂದ ಈ ಸಂಜೆ ಒಂದೇ ಒಂದು ಸಂಸ್ಥೆಯನ್ನು ಎತ್ತಿಕೊಂಡು ಅದರ ಒಳಮನೆಯನ್ನು ನೋಡೋಣ. ಅದು ಸ್ಕಾಟ್ಲೆಂಡಿನ ಪ್ರೆಸ್‌ಬಿಟೇರಿಯನ್ ಚರ್ಚು.

ಈ ಪರಂಪರೆ ನಮಗೆ ಪೂರ್ತಿ ಅಪರಿಚಿತವಲ್ಲ. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಎತ್ತರದ ಗಡಿಯಾರದ ಗೋಪುರವಿರುವ ಸೇಂಟ್ ಆಂಡ್ರೂಸ್ ಚರ್ಚನ್ನು ನೀವು ಕಂಡಿರುತ್ತೀರಿ. 1866ರಲ್ಲಿ ದಂಡುಪ್ರದೇಶದ ಸ್ಕಾಟರಿಗಾಗಿ ತೆರೆದ ಪ್ರಾರ್ಥನಾಲಯ ಅದು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿದಾಗ ಅದರೊಳಗೆ ಸೇರಿದ ಧಾರೆಗಳಲ್ಲಿ ಪ್ರೆಸ್‌ಬಿಟೇರಿಯನ್ ಧಾರೆಯೂ ಒಂದು. ಸಿಎಸ್‌ಐಯಲ್ಲಿ ಬಿಷಪ್ಪರಿದ್ದಾರೆ, ಆದರೂ ಇಡೀ ಸಭೆಯ ಮುಖ್ಯಸ್ಥರನ್ನು ಅವರು ಮಾಡರೇಟರ್ ಎಂದೇ ಕರೆಯುತ್ತಾರೆ. ಆ ಪದವಿ ಬಂದದ್ದು ಪ್ರೆಸ್‌ಬಿಟೇರಿಯನ್ನರ ಮನೆಯಿಂದ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ವ್ಯವಸ್ಥೆಯಲ್ಲಿ ಯಾರಿಗೆ ಯಾವ ಅಧಿಕಾರವಿದೆ ಎಂದು ಪಟ್ಟಿ ಮಾಡಿದರೆ ಅರ್ಧ ಮಾತ್ರ ತಿಳಿಯುತ್ತದೆ. ಯಾರಿಗೆ ಯಾವ ಅಧಿಕಾರ ಇಲ್ಲ ಎಂದು ನೋಡಿದಾಗ ಅದರ ಜಾಣತನ ಗೊತ್ತಾಗುತ್ತದೆ. ಆ ಜಾಣತನದ ಫಲ ಸಭೆಯಲ್ಲಿ ದುಡಿಯುವ ಎಲ್ಲರಿಗೂ ಸಮನಾಗಿ ಸಿಗಲಿಲ್ಲ ಎಂಬುದು ನನ್ನ ಎರಡನೆಯ ಮಾತು.

ನಾಲ್ಕು ಹುದ್ದೆಗಳು

ಬೀಜ ಬಿದ್ದದ್ದು ಜಿನೀವಾದಲ್ಲಿ. 1541ರಲ್ಲಿ ಜಾನ್ ಕ್ಯಾಲ್ವಿನ್ ಆ ನಗರದ ಚರ್ಚಿಗೆ ಕಟ್ಟಳೆಗಳನ್ನು ಬರೆದಾಗ ನಾಲ್ಕು ಹುದ್ದೆಗಳನ್ನು ಗುರುತಿಸಿದ: ಬೋಧಿಸುವ ಪಾಲಕರು, ಶಾಸ್ತ್ರ ಕಲಿಸುವ ಪಂಡಿತರು, ಶಿಸ್ತು ನೋಡಿಕೊಳ್ಳುವ ಹಿರಿಯರು, ಬಡವರನ್ನೂ ರೋಗಿಗಳನ್ನೂ ನೋಡಿಕೊಳ್ಳುವ ಡೀಕನ್‌ಗಳು. ನಗರಸಭೆಗಳಿಂದ ಆರಿಸಿದ ಹನ್ನೆರಡು ಮಂದಿ ಹಿರಿಯರು ಪಾಲಕರ ಜೊತೆ ಕೂತು ಊರಿನ ನಡತೆಯನ್ನು ವಿಚಾರಿಸುತ್ತಿದ್ದರು. ಧರ್ಮದ ಆಡಳಿತದಲ್ಲಿ ಗೃಹಸ್ಥರಿಗೆ ಗುರುಗಳ ಪಕ್ಕದಲ್ಲೇ ಆಸನ ಹಾಕಿದ್ದು ಆ ಕಾಲಕ್ಕೆ ದೊಡ್ಡ ಸಂಗತಿ.

ಜಿನೀವಾವನ್ನು ಕಣ್ಣಾರೆ ಕಂಡಿದ್ದ ಜಾನ್ ನಾಕ್ಸ್ ಸ್ಕಾಟ್ಲೆಂಡಿಗೆ ಮರಳಿದ. 1560ರಲ್ಲಿ ಅಲ್ಲಿನ ಸಂಸತ್ತು ಪೋಪರ ಅಧಿಕಾರವನ್ನು ತಳ್ಳಿಹಾಕಿತು. ಅದೇ ವರ್ಷ ನಾಕ್ಸ್ ಮತ್ತು ಸಂಗಡಿಗರು ಬರೆದ ಮೊದಲ ಶಿಸ್ತಿನ ಪುಸ್ತಕದಲ್ಲಿ ಒಂದು ಸೊಗಸಾದ ನಿಯಮವಿದೆ. ಹಿರಿಯರನ್ನೂ ಡೀಕನ್‌ಗಳನ್ನೂ ವರ್ಷಕ್ಕೊಮ್ಮೆ ಚುನಾಯಿಸಬೇಕು. ಬಹುಕಾಲ ಕೂತರೆ ಸಭೆಯ ಸ್ವಾತಂತ್ರ್ಯ ತಮ್ಮದೇ ಸೊತ್ತು ಎಂದು ಅವರಿಗೆ ಅನ್ನಿಸಬಹುದು. ಪಾಲಕರ ನಡತೆಯ ಮೇಲೂ ಹಿರಿಯರು ಕಣ್ಣಿಡಬೇಕೆಂದು ಅದೇ ಪುಸ್ತಕ ಹೇಳುತ್ತದೆ. ಹದಿನೆಂಟು ವರ್ಷಗಳ ನಂತರ, 1578ರಲ್ಲಿ, ಆಂಡ್ರ್ಯೂ ಮೆಲ್ವಿಲ್‌ನ ಪ್ರಭಾವದಲ್ಲಿ ಎರಡನೆಯ ಪುಸ್ತಕ ಬಂತು. ಬಿಷಪ್ಪರ ಯಜಮಾನಿಕೆ ಬೇಡ ಎಂದು ಅದು ಖಚಿತವಾಗಿ ಹೇಳಿತು. ಹಿರಿಯರ ಹುದ್ದೆಯನ್ನು ಮಾತ್ರ ಆಜೀವ ಮಾಡಿಬಿಟ್ಟಿತು. ವರ್ಷಾವಧಿ ಚುನಾವಣೆ ಕೈಬಿಟ್ಟದ್ದರ ಬೆಲೆಯನ್ನು ಮುಂದಿನ ಎರಡು ಶತಮಾನಗಳಲ್ಲಿ ಹಳ್ಳಿಯ ಜನ ತೆತ್ತರು. ಅದಕ್ಕೆ ಆಮೇಲೆ ಬರುತ್ತೇನೆ.

ಬಿಷಪ್ಪರ ಜಾಗದಲ್ಲಿ ಬಂದದ್ದು ಮೆಟ್ಟಿಲು ಮೆಟ್ಟಿಲಾದ ಸಭೆಗಳು. ಊರಿನ ಸಭೆಗೆ ಪಾಲಕರೂ ಹಿರಿಯರೂ ಕೂರುವ ಕಿರ್ಕ್ ಸೆಷನ್. ಅದರ ಮೇಲೆ ಒಂದು ಪ್ರದೇಶದ ಪಾಲಕರೂ ಸರಿಸುಮಾರು ಅಷ್ಟೇ ಸಂಖ್ಯೆಯ ಹಿರಿಯರೂ ಕೂರುವ ಪ್ರೆಸ್‌ಬಿಟರಿ. ಎಲ್ಲಕ್ಕೂ ಮೇಲೆ ಮೇ ತಿಂಗಳಲ್ಲಿ ಎಡಿನ್‌ಬರೋದಲ್ಲಿ ಕೂಡುವ ಜನರಲ್ ಅಸೆಂಬ್ಲಿ. ಅದರ ಮಾಡರೇಟರ್ ಒಂದು ವರ್ಷ ಕುರ್ಚಿಯಲ್ಲಿದ್ದು ಇಳಿಯುತ್ತಾರೆ. ರಾಜನ ಪ್ರತಿನಿಧಿಯೂ ಅಲ್ಲಿಗೆ ಬರುತ್ತಾರೆ, ಗ್ಯಾಲರಿಯಲ್ಲಿ ಕೂರುತ್ತಾರೆ. ಚರ್ಚೆಯಲ್ಲಾಗಲಿ ಮತದಾನದಲ್ಲಾಗಲಿ ಅವರಿಗೆ ಪಾಲಿಲ್ಲ. 1596ರಲ್ಲಿ ಫಾಕ್‌ಲೆಂಡ್ ಅರಮನೆಯಲ್ಲಿ ಮೆಲ್ವಿಲ್ ಆರನೆಯ ಜೇಮ್ಸ್ ದೊರೆಯ ತೋಳು ಹಿಡಿದು, ಚರ್ಚಿನೊಳಗೆ ನೀನೂ ಒಬ್ಬ ಸದಸ್ಯ, ಒಡೆಯನಲ್ಲ ಎಂಬರ್ಥದ ಮಾತಾಡಿದ್ದನ್ನು ಸ್ಕಾಟರು ಇಂದಿಗೂ ಮರೆತಿಲ್ಲ.

ಸಭಾಪಾಲಕರು

ಈಗ ಒಂದೇ ಊರಿನ ಸಭೆಗೆ ಇಳಿಯೋಣ. ಅಲ್ಲಿ ಮೊದಲು ಕಣ್ಣಿಗೆ ಬೀಳುವವರು ಸಭಾಪಾಲಕರು, ನಮ್ಮ ಜನ ಪಾದ್ರಿಗಳು ಎನ್ನುವವರು. ಅವರು ಬರುವ ಕ್ರಮವೇ ಕುತೂಹಲದ್ದು. ಹುದ್ದೆ ಖಾಲಿಯಾದಾಗ ಪ್ರೆಸ್‌ಬಿಟರಿ ಹೊರಗಿನ ಒಬ್ಬರನ್ನು ಮಧ್ಯಂತರ ಮಾಡರೇಟರ್ ಆಗಿ ಕಳಿಸುತ್ತದೆ. ಸದಸ್ಯರು ತಮ್ಮೊಳಗಿಂದ ಒಂದು ನಾಮಕರಣ ಸಮಿತಿಯನ್ನು ಆರಿಸುತ್ತಾರೆ. ಸಮಿತಿಯವರು ಬೇರೆ ಊರುಗಳ ಆರಾಧನೆಗೆ ಹೋಗಿ ಸದ್ದಿಲ್ಲದೆ ಹಿಂದಿನ ಬೆಂಚುಗಳಲ್ಲಿ ಕೂತು ಪ್ರಸಂಗ ಕೇಳಿ ಬರುವುದೂ ಉಂಟು. ಕೊನೆಗೆ ಒಬ್ಬರೇ ಒಬ್ಬರ ಹೆಸರು ಸಭೆಯ ಮುಂದೆ ಬರುತ್ತದೆ. ಅವರು ಬಂದು ಆರಾಧನೆ ನಡೆಸುತ್ತಾರೆ. ಸದಸ್ಯರು ಗುಪ್ತ ಮತದಾನ ಮಾಡುತ್ತಾರೆ. ಗೆದ್ದರೆ 'ಕರೆ' ಎಂಬ ಪತ್ರಕ್ಕೆ ಸದಸ್ಯರು ಒಬ್ಬೊಬ್ಬರಾಗಿ ಸಹಿ ಹಾಕುತ್ತಾರೆ. ಆ ಕರೆಯನ್ನು ಪ್ರೆಸ್‌ಬಿಟರಿ ಎತ್ತಿಹಿಡಿಯಬೇಕು. ಅದಾದ ಮೇಲೂ, ಈ ವ್ಯಕ್ತಿಯ ಬಾಳು ಅಥವಾ ಬೋಧನೆಯ ಬಗ್ಗೆ ಆಕ್ಷೇಪವಿದ್ದರೆ ಹೇಳಿ ಎಂದು ಸಭೆಯ ಮುಂದೆ ಓದಿ, ನಂತರವೇ ಪಟ್ಟ.

ಈ ಹಕ್ಕು ಸುಲಭವಾಗಿ ಸಿಕ್ಕಿದ್ದಲ್ಲ. 1712ರ ಕಾಯಿದೆಯೊಂದು ಪಾಲಕರನ್ನು ಗೊತ್ತುಮಾಡುವ ಅಧಿಕಾರವನ್ನು ಊರಿನ ಜಮೀನುದಾರರಂಥ ಪೋಷಕರಿಗೆ ಮರಳಿ ಕೊಟ್ಟಿತ್ತು. ಜನಕ್ಕೆ ಬೇಡವಾದವರನ್ನು ಅವರ ಮೇಲೆ ಹೇರಬಹುದೆ ಎಂಬ ಜಗಳ ಬೆಳೆಯುತ್ತ ಹೋಗಿ 1843ರ ಮೇ 18ರಂದು ಸಿಡಿಯಿತು. ಎಡಿನ್‌ಬರೋದ ಜಾರ್ಜ್ ಸ್ಟ್ರೀಟಿನ ಸೇಂಟ್ ಆಂಡ್ರೂಸ್ ಚರ್ಚಿನಲ್ಲಿ ಕೂಡಿದ್ದ ಅಸೆಂಬ್ಲಿಯಿಂದ ಒಂದು ಗುಂಪು ಹೊರನಡೆಯಿತು. ಒಟ್ಟು 450ಕ್ಕೂ ಹೆಚ್ಚು ಪಾಲಕರು ಮನೆ, ಸಂಬಳ, ಪ್ರಸಂಗವೇದಿಕೆ ಎಲ್ಲವನ್ನೂ ಬಿಟ್ಟು ಥಾಮಸ್ ಚಾಮರ್ಸ್ ನೇತೃತ್ವದಲ್ಲಿ ಫ್ರೀ ಚರ್ಚ್ ಕಟ್ಟಿದರು. ಅದರ ಅಲೆ ಭಾರತಕ್ಕೂ ಬಂತು. ಕಲ್ಕತ್ತೆಯ ಅಲೆಗ್ಸಾಂಡರ್ ಡಫ್, ಮುಂಬಯಿಯ ಜಾನ್ ವಿಲ್ಸನ್, ಮದರಾಸಿನ ಜಾನ್ ಆಂಡರ್ಸನ್ ಎಲ್ಲರೂ ಹೊರನಡೆದವರ ಕಡೆಗೇ ನಿಂತರು. ಪೋಷಕರ ಹಕ್ಕು ಕಾನೂನಿನಿಂದ ಅಳಿದದ್ದು 1874ರಲ್ಲಿ.

ಇಷ್ಟೆಲ್ಲ ಹೋರಾಡಿ ಸಭೆ ತನ್ನ ಪಾಲಕರನ್ನು ತಾನೇ ಆರಿಸುವ ಹಕ್ಕು ಪಡೆಯಿತು. ಆದರೆ ಆರಿಸಿದ ಸಭೆಗೆ ಅವರನ್ನು ತೆಗೆದುಹಾಕುವ ಹಕ್ಕಿಲ್ಲ. ಪಾಲಕರು ಉತ್ತರ ಹೇಳಬೇಕಾದದ್ದು ಪ್ರೆಸ್‌ಬಿಟರಿಗೆ. ಭಾನುವಾರದ ಆರಾಧನೆ ಹೇಗಿರಬೇಕು, ಏನು ಬೋಧಿಸಬೇಕು ಎಂಬುದು ಅವರ ವಿವೇಚನೆಗೆ ಬಿಟ್ಟದ್ದು. ಅಲ್ಲಿ ಹಿರಿಯರು ಕೈ ಹಾಕುವಂತಿಲ್ಲ. ಪ್ರತಿಯಾಗಿ, ಸೆಷನ್ನಿನ ಅಧ್ಯಕ್ಷತೆ ಪಾಲಕರದ್ದೇ ಆದರೂ ಅಲ್ಲಿ ಅವರಿಗೆ ಮತವಿಲ್ಲ. ಎರಡೂ ಕಡೆ ಮತ ಸಮವಾದಾಗ ನಿರ್ಣಾಯಕ ಮತ ಮಾತ್ರ. ಶ್ರೀಮಂತ ಸದಸ್ಯನೊಬ್ಬ ಪ್ರಸಂಗ ಹಿಡಿಸಲಿಲ್ಲವೆಂದು ಪಾಲಕರ ಹೊಟ್ಟೆಯ ಮೇಲೆ ಹೊಡೆಯುವಂತಿಲ್ಲ. ಪಾಲಕರು ಜನಪ್ರಿಯತೆಯ ಬಲದಿಂದ ಆಡಳಿತವನ್ನು ಕಬಳಿಸುವಂತೆಯೂ ಇಲ್ಲ.

ಹಿರಿಯರು

ಹಿರಿಯರು ಸಂಬಳವಿಲ್ಲದವರು. ರೈತ, ನೇಕಾರ, ವೈದ್ಯ, ಅಂಗಡಿಕಾರ, ಈಗ ಶಾಲೆಯ ಶಿಕ್ಷಕಿ, ಬ್ಯಾಂಕಿನ ಉದ್ಯೋಗಿ. ಒಬ್ಬೊಬ್ಬ ಹಿರಿಯರಿಗೂ ಒಂದಷ್ಟು ಮನೆಗಳನ್ನು ಒಪ್ಪಿಸಿರುತ್ತಾರೆ. ಕರ್ತನ ಭೋಜನದ ಸಂಸ್ಕಾರ ಹತ್ತಿರ ಬಂದಾಗ ಆ ಮನೆಗಳಿಗೆ ಹೋಗಿ ಕುಶಲ ವಿಚಾರಿಸಿ ಆಹ್ವಾನದ ಕಾರ್ಡು ಕೊಟ್ಟು ಬರುವುದು ರೂಢಿ. ಹಿಂದೆ ಕಾರ್ಡಿನ ಬದಲು ಸೀಸದ ಬಿಲ್ಲೆ ಇತ್ತು. ಊರಿನ ಹೆಸರಿನ ಮೊದಲಕ್ಷರ, ಇಸವಿ ಅಚ್ಚಾದ ಆ ಬಿಲ್ಲೆ ಇಲ್ಲದವರಿಗೆ ಮೇಜಿನ ಬಳಿ ಜಾಗವಿಲ್ಲ. ಬಿಲ್ಲೆ ಕೊಡುವ ಮುನ್ನ ಪ್ರಶ್ನೋತ್ತರಿ ಬರುತ್ತದೆಯೆ, ನಡತೆ ನೆಟ್ಟಗಿದೆಯೆ ಎಂಬ ಪರೀಕ್ಷೆ. ಅಂದರೆ, ಯಾರು ಒಳಗೆ, ಯಾರು ಹೊರಗೆ ಎಂಬುದು ನೆರೆಮನೆಯವನ ಕೈಯಲ್ಲಿತ್ತು.

ಇಲ್ಲಿಯೇ ಆಜೀವ ಹುದ್ದೆಯ ಅಪಾಯ ಕಾಣುವುದು. ಸೆಷನ್ ಎಂಬುದು ಊರಿನ ನ್ಯಾಯಾಲಯವೂ ಆಗಿತ್ತು. ವ್ಯಭಿಚಾರ, ಕುಡಿತ, ಭಾನುವಾರ ದುಡಿದದ್ದು, ಬೈಗುಳ, ಎಲ್ಲವೂ ಅದರ ಮುಂದೆ ಬರುತ್ತಿದ್ದವು. ತಪ್ಪು ಮಾಡಿದವರು ಇಡೀ ಸಭೆಯ ಎದುರು ಪಶ್ಚಾತ್ತಾಪದ ಪೀಠದ ಮೇಲೆ ಕೂರಬೇಕಿತ್ತು. ಕವಿ ರಾಬರ್ಟ್ ಬರ್ನ್ಸ್ ಮಾಕ್‌ಲಿನ್ ಎಂಬ ಊರಿನಲ್ಲಿದ್ದಾಗ, 1786ರ ಬೇಸಗೆಯಲ್ಲಿ, ಮದುವೆಗೆ ಮುಂಚೆ ಜೀನ್ ಆರ್ಮರ್ ಬಸುರಾದದ್ದಕ್ಕಾಗಿ ಸಭೆಯ ಎದುರು ಛೀಮಾರಿ ಕೇಳಿಸಿಕೊಂಡ. 1788ರಲ್ಲಿ ಅದೇ ಸೆಷನ್ ಅವರಿಬ್ಬರ ದಾಂಪತ್ಯವನ್ನು ಮಾನ್ಯ ಮಾಡಿದಾಗ ಬಡವರ ನಿಧಿಗೆ ಒಂದು ಗಿನಿ ಕೊಟ್ಟ.

ಅದೇ ಊರಿನ ಇನ್ನೊಂದು ಪ್ರಕರಣ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಬರ್ನ್ಸ್‌ನ ಗೆಳೆಯ, ವಕೀಲ ಗ್ಯಾವಿನ್ ಹ್ಯಾಮಿಲ್ಟನ್ ಆರಾಧನೆಗೆ ಸರಿಯಾಗಿ ಬರುವುದಿಲ್ಲ ಎಂಬಂಥ ದೂರುಗಳ ಮೇಲೆ ಸೆಷನ್ ಅವನನ್ನು ಹಿಡಿದುಕೊಂಡಿತು. ಹ್ಯಾಮಿಲ್ಟನ್ ಏರ್ ಪ್ರದೇಶದ ಪ್ರೆಸ್‌ಬಿಟರಿಗೆ ಹೋದ. 1785ರಲ್ಲಿ ಅಲ್ಲಿ ಅವನ ಪರವಾಗಿ ತೀರ್ಪಾಯಿತು. ಸೋತ ಕಡೆಯಲ್ಲಿದ್ದ ವಿಲಿಯಂ ಫಿಶರ್ ಎಂಬ ಹಿರಿಯನನ್ನು ಬರ್ನ್ಸ್ ಕವಿತೆಯಲ್ಲಿ ಎಳೆದು ತಂದು ನಿಲ್ಲಿಸಿದ. ತನ್ನ ಪಾಪಕ್ಕೆ ವಿನಾಯಿತಿ ಬೇಡುತ್ತ ಪಕ್ಕದವನ ಪಾಪಕ್ಕೆ ಶಿಕ್ಷೆ ಬೇಡುವ ಭಕ್ತನ ಚಿತ್ರ ಅದು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಕವಿತೆ ನೆನಪಿರುತ್ತದೆ. ಆಡಳಿತದ ದೃಷ್ಟಿಯಿಂದ ನೆನಪಿಡಬೇಕಾದದ್ದು ಮೇಲಿನ ಸಭೆ ಕೆಳಗಿನ ಸಭೆಯ ಕೈ ತಡೆಯಿತು ಎಂಬುದು. ಮೇಲ್ಮನವಿಗೆ ದಾರಿ ಇಲ್ಲದ ಹಿರಿಯರ ಕೂಟ ಏನಾಗುತ್ತಿತ್ತೆಂದು ಊಹಿಸಲು ನಮಗೆ ಕಷ್ಟವಿಲ್ಲ. ಆದರೆ ಮೇಲ್ಮನವಿ ಬರೆಯಲು ಹ್ಯಾಮಿಲ್ಟನ್ ವಕೀಲನಾಗಿದ್ದ. ಮನೆಗೆಲಸದ ಹುಡುಗಿಯೊಬ್ಬಳು ಪೀಠದ ಮೇಲೆ ಕೂತರೆ ಅವಳ ಪರವಾಗಿ ಏರ್‌ವರೆಗೆ ಹೋಗುವವರು ಯಾರು?

ಅದೇ ಹಿರಿಯರು ಬಡವರ ಆಸರೆಯೂ ಆಗಿದ್ದರು ಎಂಬುದನ್ನು ಮರೆಯಬಾರದು. 1845ರ ಬಡವರ ಕಾಯಿದೆ ಬರುವತನಕ ಸ್ಕಾಟ್ಲೆಂಡಿನ ಊರುಗಳಲ್ಲಿ ವಿಧವೆಯರಿಗೆ, ಅನಾಥರಿಗೆ, ಕೈಲಾಗದವರಿಗೆ ನೆರವು ಬಹುಮಟ್ಟಿಗೆ ಸೆಷನ್ನಿನ ಪೆಟ್ಟಿಗೆಯಿಂದಲೇ ಬರುತ್ತಿತ್ತು. ಬಾಗಿಲ ಬಳಿಯ ತಟ್ಟೆಗೆ ಬಿದ್ದ ಕಾಣಿಕೆ, ತಪ್ಪುಗಾರರ ದಂಡ, ಶವದ ಪೆಟ್ಟಿಗೆಗೆ ಹೊದಿಸುವ ಬಟ್ಟೆಯ ಬಾಡಿಗೆ, ಹೀಗೆ ಚಿಲ್ಲರೆ ಚಿಲ್ಲರೆಯಾಗಿ ಕೂಡಿದ ಹಣ. ತಟ್ಟೆಯಲ್ಲಿ ನಡೆಯದ ತಾಮ್ರದ ಕಾಸುಗಳೂ ಬೀಳುತ್ತಿದ್ದವು. ಅವನ್ನೂ ಎಣಿಸಿ ನಡಾವಳಿಯಲ್ಲಿ ದಾಖಲಿಸುತ್ತಿದ್ದರು.

ಅನ್ನ ಮತ್ತು ಅಧಿಕಾರ

ಹಣದ ವಿಚಾರದಲ್ಲಿ ಈ ಪರಂಪರೆಯ ದೊಡ್ಡ ಶೋಧ 1843ರ ನಂತರದ್ದು. ರಾಜ್ಯದ ಆಸರೆ ಬಿಟ್ಟು ಬಂದ ಪಾಲಕರು ಬದುಕುವುದು ಹೇಗೆ? ಆಯಾ ಊರಿನವರೇ ಸಾಕಲಿ ಎಂದರೆ ಎಡಿನ್‌ಬರೋದ ಪಾಲಕರು ಉಂಡಾರು, ಹೈಲೆಂಡ್ಸ್‌ನ ಬಡ ಊರಿನವರು ಉಪವಾಸ ಬಿದ್ದಾರು. ಚಾಮರ್ಸ್ ಪೋಷಣಾ ನಿಧಿ ಎಂಬ ಸಾಮಾನ್ಯ ಬೊಕ್ಕಸವನ್ನು ಕಟ್ಟಿದರು. ಎಲ್ಲ ಸಭೆಗಳೂ ಕೈಲಾದದ್ದನ್ನು ಹಾಕಬೇಕು, ಅದರಿಂದ ಪಾಲಕರಿಗೆ ಸಮಪಾಲು ಹೋಗಬೇಕು. ಮನೆಮನೆಯಿಂದ ಹಣ ಕೂಡಿಸುವ ಹೊಣೆ ಡೀಕನ್‌ಗಳದ್ದು.

ಆ ನಿಧಿಯ ತತ್ತ್ವ ಇಂದಿಗೂ ಉಳಿದಿದೆ. ಒಡೆದಿದ್ದ ಶಾಖೆಗಳು 1929ರಲ್ಲಿ ಬಹುಪಾಲು ಒಂದಾದವು. ಚರ್ಚ್ ಆಫ್ ಸ್ಕಾಟ್ಲೆಂಡಿನಲ್ಲಿ ಪಾಲಕರ ವೇತನ ಕೇಂದ್ರದಿಂದ ಬರುತ್ತದೆ. ಸಭೆಗಳು ಕೇಂದ್ರಕ್ಕೆ ಪಾಲು ಸಲ್ಲಿಸುತ್ತವೆ. ಮುಂದೆ ಕೂತವರ ಜೇಬನ್ನು ನೋಡಿ ಪ್ರಸಂಗ ಬರೆಯುವ ಇಕ್ಕಟ್ಟು ಪಾಲಕರಿಗೆ ಬರಬಾರದು ಎಂಬುದೇ ಇದರ ಉದ್ದೇಶ. ಅನ್ನ ಒಂದು ಕಡೆಯಿಂದ, ಕರೆ ಇನ್ನೊಂದು ಕಡೆಯಿಂದ, ವಿಚಾರಣೆ ಮತ್ತೊಂದು ಕಡೆಯಿಂದ ಎಂದು ಬೇರ್ಪಡಿಸಿದ್ದರಿಂದಲೇ ಪ್ರಸಂಗವೇದಿಕೆಗೆ ಧೈರ್ಯ ಬಂತು.

ಸಂಬಳದವರು

ಇನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯದವರು. 1696ರ ಕಾಯಿದೆ ಊರೂರಿಗೆ ಶಾಲೆ ಇರಬೇಕೆಂದಿತು. ಮೇಷ್ಟರ ಸಂಬಳ ಅಲ್ಪ. ಅದಕ್ಕೆ ಅವರೇ ಬಹಳ ಕಡೆ ಸೆಷನ್ನಿನ ಗುಮಾಸ್ತರು, ಅವರೇ ಪ್ರಿಸೆಂಟರು. ಗುಮಾಸ್ತರಾಗಿ ನಡಾವಳಿಯನ್ನೂ ದೀಕ್ಷಾಸ್ನಾನ, ಮದುವೆಯ ಪ್ರಕಟಣೆಗಳನ್ನೂ ಬರೆದರು. 1855ರಲ್ಲಿ ಸರ್ಕಾರಿ ನೋಂದಣಿ ಶುರುವಾಗುವ ಮುಂಚಿನ ಸ್ಕಾಟಿಷ್ ಸಾಮಾನ್ಯರ ಜೀವನಚರಿತ್ರೆ ಉಳಿದಿರುವುದು ಬಹುಮಟ್ಟಿಗೆ ಇವರ ಅಕ್ಷರದಲ್ಲಿ. ಪ್ರಿಸೆಂಟರಾಗಿ ದಾವೀದನ ಕೀರ್ತನೆಗಳನ್ನು ಸಾಲು ಸಾಲಾಗಿ ಎತ್ತಿಕೊಟ್ಟರು. ಪುಸ್ತಕವಿಲ್ಲದ ಸಭೆ ಹಿಂದೆ ಹಾಡಿತು. ಲೂಯಿಸ್ ದ್ವೀಪದ ಗೇಲಿಕ್ ಆರಾಧನೆಯಲ್ಲಿ ಈ ಗಾಯನ ಇಂದಿಗೂ ಕೇಳುತ್ತದೆ. ಬೇರೆ ಕಡೆ 19ನೇ ಶತಮಾನದಲ್ಲಿ ದೊಡ್ಡ ವಾಗ್ವಾದಗಳಾಗಿ ಆರ್ಗನ್ ಬಂತು, ಆರ್ಗನ್ ನುಡಿಸುವವರು ಬಂದರು.

ಬೀಡಲ್ ಎಂಬವನು ಇನ್ನೊಬ್ಬ. ಗಂಟೆ ಬಾರಿಸುವವನು, ಬಾಗಿಲು ತೆರೆಯುವವನು, ಅನೇಕ ಊರುಗಳಲ್ಲಿ ಗೋರಿ ತೋಡುವವನೂ ಅವನೇ. ಆರಾಧನೆ ಆರಂಭವಾಗುವಾಗ ಬೈಬಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನಡೆಯುತ್ತಾನೆ. ಸಭೆ ಎದ್ದು ನಿಲ್ಲುತ್ತದೆ. ಪಾಲಕರು ಅವನ ಹಿಂದೆ ಬರುತ್ತಾರೆ. 19ನೇ ಶತಮಾನದಲ್ಲಿ ಡೀನ್ ರಾಮ್ಸೆ ಕೂಡಿಸಿದ ಸ್ಕಾಟಿಷ್ ಹಾಸ್ಯದ ಕತೆಗಳಲ್ಲಿ ಬೀಡಲ್‌ಗೆ ಒಳ್ಳೆಯ ಜಾಗವಿದೆ: ಪಾಲಕರ ಪ್ರಸಂಗಕ್ಕೆ ಮುಲಾಜಿಲ್ಲದೆ ಬೆಲೆ ಕಟ್ಟುವ ಬಾಯಿಬಡುಕ ಅವನು. ಹಾಸ್ಯಕ್ಕೆ ವಸ್ತುವಾದವನಿಗೆ ಆಡಳಿತದಲ್ಲಿ ಆಸನ ಸಿಗಲಿಲ್ಲ. ಬೀಡಲ್ ಆಗಲಿ, ಆರ್ಗನ್ ವಾದಕರಾಗಲಿ, ಇಂದಿನ ಕಚೇರಿ ಕಾರ್ಯದರ್ಶಿ, ಸ್ವಚ್ಛತೆಯ ಕೆಲಸದವರು, ಯುವಜನರ ಕಾರ್ಯಕರ್ತರಾಗಲಿ, ಸಭೆ ನೇಮಿಸಿದ ನೌಕರರು. ಅವರಿಗೆ ಉದ್ಯೋಗ ಕಾನೂನಿನ ರಕ್ಷಣೆ ಉಂಟು. ಪಾಲಕರಿಗೆ ಕಟ್ಟಿಕೊಟ್ಟ ಮೂರು ಸುತ್ತಿನ ಕೋಟೆ ಇಲ್ಲ. ಕೆಲಸ ಕೊಡುವವರೂ ಸಂಬಳ ಕೊಡುವವರೂ ಲೆಕ್ಕ ಕೇಳುವವರೂ ಒಂದೇ ಮೇಜಿನ ಸುತ್ತ ಕೂತ ನೆರೆಹೊರೆಯವರು. ಆ ನೆರೆಹೊರೆಯವರು ಸ್ವಯಂಸೇವಕರು ಎಂಬುದು ಪರಿಸ್ಥಿತಿಯನ್ನು ಇನ್ನಷ್ಟು ನಾಜೂಕು ಮಾಡುತ್ತದೆ: ತಾವು ಬಿಟ್ಟಿ ದುಡಿಯುವಾಗ ಸಂಬಳದವರು ವೇಳೆ ನೋಡುತ್ತಾರಲ್ಲ ಎಂಬ ಸಣ್ಣ ಅಸಮಾಧಾನ ಅಂಥ ಮೇಜುಗಳಲ್ಲಿ ಎಲ್ಲ ದೇಶಗಳಲ್ಲೂ ಹುಟ್ಟಬಲ್ಲದು.

ತಡವಾಗಿ ತೆರೆದ ಬಾಗಿಲು

ಹೊರಗಿಟ್ಟವರ ಪಟ್ಟಿಯಲ್ಲಿ ಬಹುಕಾಲ ಇದ್ದವರು ಹೆಂಗಸರು. 1888ರಲ್ಲಿ ಲೇಡಿ ಗ್ರಿಸೆಲ್ ಬೇಲಿ ಮೊದಲ ಡೀಕನೆಸ್ ಆದರು. ಸೇವೆಗೆ ಬಾಗಿಲು ತೆರೆಯಿತು, ತೀರ್ಮಾನಕ್ಕೆ ತೆರೆಯಲಿಲ್ಲ. 1963ರಲ್ಲಿ ಮೇರಿ ಲಸ್ಕ್ ಎಂಬ ಡೀಕನೆಸ್ ತನಗೆ ಪಾಲಕಿಯ ದೀಕ್ಷೆ ಬೇಕೆಂದು ಜನರಲ್ ಅಸೆಂಬ್ಲಿಗೆ ಅರ್ಜಿ ಹಾಕಿದರು. 1966ರಲ್ಲಿ ಹೆಂಗಸರು ಹಿರಿಯರಾಗಬಹುದು ಎಂದಾಯಿತು, 1968ರಲ್ಲಿ ಪಾಲಕರಾಗಬಹುದು ಎಂದಾಯಿತು. 2004ರಲ್ಲಿ ಆಲಿಸನ್ ಎಲಿಯಟ್ ಅಸೆಂಬ್ಲಿಯ ಮೊದಲ ಮಹಿಳಾ ಮಾಡರೇಟರ್ ಆದರು. ಅವರು ಪಾಲಕಿಯಲ್ಲ, ಹಿರಿಯರು. ದೀಕ್ಷೆ ಪಡೆದ ಪಾಲಕರಲ್ಲದವರು ಆ ಕುರ್ಚಿಯಲ್ಲಿ ಕೂತದ್ದು 1567ರ ಜಾರ್ಜ್ ಬುಕಾನನ್ ನಂತರ ಅದೇ ಮೊದಲು. ಹಿರಿಯರೂ ಪಾಲಕರೂ ಸಮಾನರು ಎಂದು ಬರೆದಿಟ್ಟ ಮಾತು ನಡೆಯಲ್ಲಿ ಕಾಣಲು ನಾಲ್ಕು ಶತಮಾನ ದಾಟಿತು.

ನಮ್ಮ ದೇಶದಲ್ಲೇ ಈ ಪರಂಪರೆ ಬೇರೂರಿರುವ ನಾಡುಗಳಲ್ಲಿ ಮಿಜೋರಾಂ ಒಂದು. ವೇಲ್ಸಿನ ಮಿಷನರಿಗಳಿಂದ ಬೆಳೆದ ಅಲ್ಲಿನ ಪ್ರೆಸ್‌ಬಿಟೇರಿಯನ್ ಚರ್ಚಿನಲ್ಲಿ ಹಿರಿಯರನ್ನು ಉಪಾ ಎನ್ನುತ್ತಾರೆ. ಒಬ್ಬ ಪಾಲಕರಿಗೆ ಹಲವು ಹಳ್ಳಿಗಳ ಸಭೆಗಳಿರುವುದರಿಂದ ದಿನನಿತ್ಯದ ಭಾರವನ್ನು ಹೊರುವವರು ಉಪಾಗಳೇ. 1910ರಲ್ಲಿ ಶುರುವಾದ ಹಿಡಿ ಅಕ್ಕಿಯ ಪದ್ಧತಿ ಅಲ್ಲಿ ಇನ್ನೂ ನಡೆದಿದೆ: ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಡುವುದು, ಹೆಂಗಸರು ಅದನ್ನು ಮನೆಮನೆಯಿಂದ ಕೂಡಿಸಿ ಚರ್ಚಿನ ಆದಾಯ ಮಾಡುವುದು. ಚಾಮರ್ಸರ ಬೊಕ್ಕಸದ ಲೆಕ್ಕಾಚಾರಕ್ಕೆ ಮಿಜೋ ಅಡುಗೆಮನೆ ತನ್ನದೇ ದಾರಿಯಲ್ಲಿ ಬಂದು ಸೇರಿತು.

ಮುಂದಿನ ಪ್ರಶ್ನೆ

ಸ್ಕಾಟ್ಲೆಂಡಿನಲ್ಲಿ ಈಗ ಕಾಲ ಬಿಗಿಯಾಗಿದೆ. 1950ರ ದಶಕದಲ್ಲಿ 13 ಲಕ್ಷ ಸದಸ್ಯರಿದ್ದ ಚರ್ಚಿನಲ್ಲಿ ಇಂದು ಮೂರು ಲಕ್ಷಕ್ಕಿಂತ ಕಡಿಮೆ. ಪಾಲಕರು ಸಾಲದಾಗಿ ಸಭೆಗಳು ಕೂಡಿಕೊಳ್ಳುತ್ತಿವೆ, ಕಟ್ಟಡಗಳು ಮಾರಾಟವಾಗುತ್ತಿವೆ. 2005ರ ಧರ್ಮಾದಾಯ ಕಾಯಿದೆಯ ಪ್ರಕಾರ ಹಿರಿಯರು ಟ್ರಸ್ಟಿಗಳಾಗಿ ಕಾನೂನಿಗೆ ಉತ್ತರ ಹೇಳಬೇಕು. ಮಕ್ಕಳ ಸುರಕ್ಷೆಗೆ ಒಬ್ಬರು, ಕಟ್ಟಡಕ್ಕೆ ಒಬ್ಬರು, ಲೆಕ್ಕಕ್ಕೆ ಒಬ್ಬರು ಎಂದು ಹೊಣೆಗಳು ಹೆಚ್ಚುತ್ತಿವೆ. ಹೊರಲು ಬರುವ ಹೆಗಲುಗಳು ಕಡಿಮೆಯಾಗುತ್ತಿವೆ. ಇಂಥ ಹೊತ್ತಿನಲ್ಲಿ ಸಹಜವಾಗಿ ಬರುವ ಆಸೆ ಒಂದೇ: ಇಷ್ಟೊಂದು ಸಭೆ, ಸಮಿತಿ, ಮತದಾನ ಯಾಕೆ, ದಕ್ಷರಾದ ಒಬ್ಬರ ಕೈಗೆ ಎಲ್ಲ ಕೊಟ್ಟುಬಿಡೋಣ. ನಮ್ಮ ಮಠ, ಟ್ರಸ್ಟು, ಶಿಕ್ಷಣ ಸಂಸ್ಥೆ, ಸಹಕಾರ ಸಂಘಗಳಲ್ಲೂ ಈ ಆಸೆ ನಮಗೆ ಚೆನ್ನಾಗಿ ಗೊತ್ತು.

ನಾನು ಹೇಳುವುದು ಇಷ್ಟು. ಹಣ ಕೊಡುವ ಕೈ, ಆರಿಸುವ ಕೈ, ವಿಚಾರಣೆ ಮಾಡುವ ಕೈ ಬೇರೆ ಬೇರೆ ಇರಲಿ ಎಂಬ ಕಟ್ಟಳೆ ನಿಧಾನ, ಖರ್ಚಿನದ್ದು, ಕೆಲವೊಮ್ಮೆ ಬೇಸರದ್ದು. ಆದರೂ ಪಾಲಕರ ಮಾತಿಗೆ ಸ್ವಾತಂತ್ರ್ಯ ಕೊಟ್ಟದ್ದು ಅದೇ, ಹ್ಯಾಮಿಲ್ಟನ್‌ಗೆ ನ್ಯಾಯ ಕೊಟ್ಟದ್ದು ಅದೇ. ಸಭೆ ಚಿಕ್ಕದಾಗುತ್ತಿದೆಯೆಂದು ಅದನ್ನು ಬಿಡುವುದಕ್ಕಿಂತ, ಇಷ್ಟು ದಿನ ಅದು ತಲುಪದವರಿಗೆ ತಲುಪಿಸುವುದು ಸರಿಯಾದ ದಾರಿ. ಗುಡಿಸುವವರಿಗೂ ಗಂಟೆ ಬಾರಿಸುವವರಿಗೂ ತಮ್ಮ ಯಜಮಾನರ ಮೇಜನ್ನು ದಾಟಿ ದೂರು ಹೇಳಲು ಇನ್ನೊಂದು ಬಾಗಿಲು ಇರಬೇಕು. ಹಿರಿಯರ ಹುದ್ದೆಗೆ 1560ರ ಪುಸ್ತಕ ಹೇಳಿದಂತೆ ಒಂದು ಅವಧಿ ಇರಬೇಕು. ಯಾವುದೇ ಸಂಸ್ಥೆಯ ಸದಸ್ಯರಾಗಿರುವ ನಾವು ಮುಂದಿನ ವಾರ್ಷಿಕ ಸಭೆಗೆ ಹೋದಾಗ ಬೈಲಾ ತೆಗೆದು ಈ ಎರಡು ಸಂಗತಿ ಅದರಲ್ಲಿವೆಯೆ ಎಂದು ನೋಡಬಹುದು. ಇಲ್ಲದಿದ್ದರೆ ಎದ್ದು ನಿಂತು ಕೇಳಬಹುದು.